ಬಿಸಿಲೂರಿನ ಕಾರಿಗೂ ಥರ್ಮೋಸ್ಟಾಟ್ ಬೇಕು

(ತುಮಕೂರಿನಲ್ಲಿ ಕಾರು ಮಾಲೀಕರು ಮತ್ತು ಚಾಲಕರ ಮುಂದೆ ಆಡಿದ ಮಾತಿನ ಬರಹ ರೂಪ)

ಗಾಡಿ ಹೀಟ್ ಆಗ್ತಿದೆ ಅಂತ ಗ್ಯಾರೇಜಿಗೆ ಹೋದರೆ ನಮ್ಮ ಕಡೆ ಸುಲಭವಾಗಿ ಸಿಗುವ ಸಲಹೆ ಒಂದಿದೆ. "ಥರ್ಮೋಸ್ಟಾಟ್ ವಾಲ್ವ್ ತೆಗೆದುಬಿಡೋಣ ಸಾರ್. ನಮ್ಮೂರ ಬಿಸಿಲಿಗೆ ಅದು ಬೇಡ. ಚಳಿ ದೇಶದವರಿಗೆ ಅಂತ ಇಟ್ಟಿರೋದು." ಈ ಮಾತನ್ನು ನೀವೂ ಕೇಳಿರುತ್ತೀರಿ. ಇಲ್ಲಿ ಕೂತಿರುವ ಕೆಲವರ ಗಾಡಿಯಲ್ಲಿ ಈಗಲೂ ಆ ಜಾಗ ಖಾಲಿ ಇರಬಹುದು, ನಿಮಗೇ ಗೊತ್ತಿರಲಿಕ್ಕಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರಂತೂ ಒಮ್ಮೆ ನೋಡಿಸಿಕೊಳ್ಳಿ. ಆ ವಾಲ್ವ್ ಇರಲೇಬೇಕು, ಆ ಗಾಡಿಗೆ ಹೇಳಿ ಮಾಡಿಸಿದ್ದೇ ಇರಬೇಕು. ಇವತ್ತು ನಾನು ಹೇಳಲು ಬಂದಿರುವುದು ಇದನ್ನೇ.

ಮೊದಲು ಅದು ಏನು ಕೆಲಸ ಮಾಡುತ್ತದೆ ನೋಡೋಣ. ಎಂಜಿನ್‌ನಲ್ಲಿ ಪೆಟ್ರೋಲೋ ಡೀಸೆಲ್ಲೋ ಉರಿದಾಗ ಹುಟ್ಟುವ ಶಾಖದಲ್ಲಿ ಚಕ್ರ ತಿರುಗಿಸಲು ಸಿಗುವುದು ಸುಮಾರು ಮೂರನೇ ಒಂದು ಭಾಗ. ಇನ್ನೊಂದು ಭಾಗ ಸೈಲೆನ್ಸರ್ ಕಡೆಯಿಂದ ಹೊಗೆಯ ಜೊತೆ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದನ್ನು ಎಂಜಿನ್ ಸುತ್ತ ಹರಿಯುವ ಕೂಲೆಂಟ್ ಎಂಬ ದ್ರವ ಎಳೆದುಕೊಂಡು, ಗಾಳಿಗೆ ತಣಿಸುವ ರೇಡಿಯೇಟರ್‌ಗೆ ಒಯ್ಯಬೇಕು. ಆದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರ್ ಕೆಲಸ ಶುರು ಮಾಡಿಬಿಟ್ಟರೆ ಎಂಜಿನ್ ಬಿಸಿಯಾಗುವುದೇ ಇಲ್ಲ. ಅದಕ್ಕೇ ನಡುವೆ ಒಂದು ಬಾಗಿಲು ಇಟ್ಟಿದ್ದಾರೆ. ಕೆರೆಗೆ ತೂಬು ಇದ್ದ ಹಾಗೆ. ಬೇಕಾದಾಗ, ಬೇಕಾದಷ್ಟೇ ನೀರು ಬಿಡಬೇಕು. ಈ ತೂಬನ್ನು ಎತ್ತುವ ನೀರುಗಂಟಿ ಹೊರಗೆ ಎಲ್ಲೂ ಇಲ್ಲ, ಅದರ ಹೊಟ್ಟೆಯೊಳಗೇ ಇದ್ದಾನೆ. ಅವನು ಯಾರು ಅಂದರೆ, ಮೇಣ.

ಇಗೋ, ಇದು ನೋಡಿ. ಸಣ್ಣ ಕಾರಿನದು. ನಡುವೆ ಹಿತ್ತಾಳೆಯ ಸಣ್ಣ ಡಬ್ಬಿ, ಸುತ್ತ ಸ್ಪ್ರಿಂಗ್, ಮೇಲೆ ತಟ್ಟೆ, ಅಂಚಿಗೆ ರಬ್ಬರ್ ರಿಂಗ್. ಕೈಯಿಂದ ಕೈಗೆ ದಾಟಿಸಿ ನೋಡಿ, ಪರವಾಗಿಲ್ಲ. ಆ ಹಿತ್ತಾಳೆ ಡಬ್ಬಿಯೊಳಗೆ ಮೇಣ ತುಂಬಿರುತ್ತದೆ. ಶಾಖ ಬೇಗ ಒಳಗೆ ಹರಡಲಿ ಅಂತ ಮೇಣಕ್ಕೆ ತಾಮ್ರದ ಪುಡಿ ಬೆರೆಸಿರುತ್ತಾರೆ. ಮೇಣದ ನಡುವೆ ರಬ್ಬರ್ ತೋಳು, ಅದರೊಳಗೆ ಒಂದು ಪಿನ್ನು. ಮೇಣ ಕರಗಿದಾಗ ಅದರ ಗಾತ್ರ ನೂರಕ್ಕೆ ಹತ್ತು ಹದಿನೈದರಷ್ಟು ಹೆಚ್ಚುತ್ತದೆ. ಡಬ್ಬಿ ಹಿಗ್ಗುವುದಿಲ್ಲ. ಹಾಗಾಗಿ ಮೇಣ ರಬ್ಬರನ್ನು ಹಿಂಡುತ್ತದೆ, ಪಿನ್ನು ಹೊರಗೆ ತಳ್ಳಿಸಿಕೊಳ್ಳುತ್ತದೆ, ಸ್ಪ್ರಿಂಗ್ ಒತ್ತಿಕೊಂಡು ತಟ್ಟೆ ತೆರೆಯುತ್ತದೆ. ತಣ್ಣಗಾದಾಗ ಮೇಣ ಗಟ್ಟಿಯಾಗಿ ಕುಗ್ಗುತ್ತದೆ, ಸ್ಪ್ರಿಂಗ್ ತಟ್ಟೆಯನ್ನು ಮುಚ್ಚಿಬಿಡುತ್ತದೆ. ಕರೆಂಟ್ ಬೇಡ, ವೈರ್ ಬೇಡ. ಈ ಮೇಣದ ಉಪಾಯವನ್ನು 1930ರ ದಶಕದಲ್ಲಿ ಅಮೆರಿಕದಲ್ಲಿ ಸರ್ಜಿಯಸ್ ವರ್ನೆ ಎಂಬುವರು ರೂಪಿಸಿದರು. ಅದಕ್ಕೂ ಮುಂಚೆ ಬೇಗ ಆವಿಯಾಗುವ ದ್ರವ ತುಂಬಿದ, ಮಡಿಕೆ ಮಡಿಕೆಯ ಲೋಹದ ಡಬ್ಬಿ ಇತ್ತು. ರೇಡಿಯೇಟರ್‌ಗೆ ಪ್ರೆಶರ್ ಕ್ಯಾಪ್, ಅಂದರೆ ಒಳಗಿನ ಒತ್ತಡ ಹಿಡಿದಿಡುವ ಮುಚ್ಚಳ, ಬಂದ ಮೇಲೆ ಅದು ಸರಿ ಹೋಗಲಿಲ್ಲ. ಒತ್ತಡ ಬದಲಾದರೆ ಅದು ತೆರೆಯುವ ಬಿಸಿಯೂ ಬದಲಾಗುತ್ತಿತ್ತು. ಮೇಣಕ್ಕೆ ಆ ತೊಂದರೆ ಇಲ್ಲ.

ಈಗ ಇದನ್ನು ತೆಗೆದುಹಾಕಿದರೆ ಏನಾಗುತ್ತದೆ ಅನ್ನುವ ಮಾತಿಗೆ ಬರೋಣ. ಹಳೆಯ ಡ್ರೈವರ್‌ಗಳು ಹೇಳುತ್ತಾರೆ, "ನಾವು ಅಂಬಾಸಡರ್‌ನಲ್ಲಿ ತೆಗೆದು ವರ್ಷಗಟ್ಟಲೆ ಓಡಿಸಿದ್ದೀವಿ, ಏನೂ ಆಗಲಿಲ್ಲ" ಅಂತ. ಅವರ ಮಾತು ಸುಳ್ಳಲ್ಲ. ಆ ಗಾಡಿಯಲ್ಲಿ ಕಾರ್ಬುರೇಟರ್ ಇತ್ತು, ಕಂಪ್ಯೂಟರ್ ಇರಲಿಲ್ಲ. ಎಂಜಿನ್ ತಣ್ಣಗೆ ಓಡಿದರೂ ಅದನ್ನು ಲೆಕ್ಕ ಹಾಕುವವರು ಯಾರೂ ಇರಲಿಲ್ಲ. ಇಂಧನ ಸ್ವಲ್ಪ ಜಾಸ್ತಿ ಕುಡಿದರೂ ಗೊತ್ತಾಗುತ್ತಿರಲಿಲ್ಲ. ಈಗಿನ ಗಾಡಿಯಲ್ಲಿ ಕೂಲೆಂಟ್ ಎಷ್ಟು ಬಿಸಿ ಇದೆ ಅಂತ ಸೆನ್ಸರ್ ಓದುತ್ತದೆ, ಅದರ ಮೇಲೆ ಇಸಿಯು, ಅಂದರೆ ಎಂಜಿನ್‌ನ ಕಂಪ್ಯೂಟರ್, ಎಷ್ಟು ಇಂಧನ ಬಿಡಬೇಕು ಅಂತ ತೀರ್ಮಾನಿಸುತ್ತದೆ. ಕೂಲೆಂಟ್ ಅರವತ್ತು ಎಪ್ಪತ್ತು ಡಿಗ್ರಿ ದಾಟದೇ ಹೋದರೆ, ಎಂಜಿನ್ ಇನ್ನೂ ಬಿಸಿಯಾಗಿಲ್ಲ ಅಂದುಕೊಂಡು ಇಂಧನ ಜಾಸ್ತಿ ಬಿಡುತ್ತಲೇ ಇರುತ್ತದೆ. ಮೈಲೇಜ್ ಬಿತ್ತು ಅಂತ ನೀವು ಪ್ಲಗ್ ಬದಲಿಸುತ್ತೀರಿ, ಏರ್ ಫಿಲ್ಟರ್ ಬದಲಿಸುತ್ತೀರಿ. ಕಾರಣ ಬೇರೆ ಕಡೆ ಕೂತಿರುತ್ತದೆ.

ಆಯಿಲ್ ವಿಷಯ ಇನ್ನೂ ಗಂಭೀರ. ಇಂಧನ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗೆ ಆಯಿಲ್‌ಗೆ ಸೇರುತ್ತದೆ. ಎಂಜಿನ್ ಸರಿಯಾಗಿ ಬಿಸಿಯಾದರೆ ಆ ನೀರು ಮತ್ತೆ ಆವಿಯಾಗಿ ಹೊರಟು ಹೋಗುತ್ತದೆ. ಆಗದಿದ್ದರೆ ಅಲ್ಲೇ ಉಳಿಯುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಬಿಳಿಯ ಕೆನೆಯಂಥದ್ದು ಅಂಟಿರುತ್ತದೆ ನೋಡಿ, ಅದು ಇದೇ. ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಆ ಬಿಳಿ ಪದರ ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲು) ಹೋಗಿದೆ ಅಂತ ಎಂಜಿನ್ ಬಿಚ್ಚಲು ಒಪ್ಪಬೇಡಿ. ಗ್ಯಾಸ್ಕೆಟ್ ಹೋಗಿದ್ದರೂ ಹೀಗೆ ಬರುತ್ತದೆ, ನಿಜ. ಆದರೆ ಆಗ ಕೂಲೆಂಟ್ ಕಡಿಮೆಯಾಗುತ್ತಾ ಬರುತ್ತದೆ, ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್ ಸ್ಟಿಕ್, ಮೇಲಿನ ಆಯಿಲ್ ಕೂಡ ಹಾಲು ಬೆರೆತ ಬಣ್ಣಕ್ಕೆ ತಿರುಗುತ್ತದೆ. ಮುಚ್ಚಳದಲ್ಲಿ ಮಾತ್ರ ಬಿಳಿ ಇದೆ, ಡಿಪ್ ಸ್ಟಿಕ್ ಚೆನ್ನಾಗಿದೆ, ಕೂಲೆಂಟ್ ಮಟ್ಟ ಇಳಿದಿಲ್ಲ ಅಂದರೆ ಮೊದಲು ಎಂಜಿನ್ ಸರಿಯಾಗಿ ಬಿಸಿಯಾಗುತ್ತಿದೆಯಾ ಅಂತ ನೋಡಿ. ಬರೀ ಮನೆಯಿಂದ ಬಿ.ಎಚ್. ರಸ್ತೆಗೆ, ಅಲ್ಲಿಂದ ವಾಪಸ್ ಮನೆಗೆ ಓಡುವ ಗಾಡಿಗಳಲ್ಲಿ ಇದು ಬೇಗ ಕಾಣುತ್ತದೆ.

ಡೀಸೆಲ್ ಗಾಡಿಯವರು ಇನ್ನೂ ಹುಷಾರಾಗಿರಬೇಕು. 2020ರ ಏಪ್ರಿಲ್ ಒಂದರಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂತು. ಅದರ ಜೊತೆ ಡೀಸೆಲ್ ಕಾರುಗಳಿಗೆ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್, ಸಾಮಾನ್ಯವಾಯಿತು. ಹಿಡಿದಿಟ್ಟ ಮಸಿಯನ್ನು ಗಾಡಿ ಆಗಾಗ ತಾನೇ ಸುಟ್ಟು ತೆಗೆಯಬೇಕು. ಎಂಜಿನ್ ಸರಿಯಾದ ಬಿಸಿಗೆ ಬರದೇ ಇದ್ದರೆ ಇಸಿಯು ಆ ಕೆಲಸ ಶುರು ಮಾಡುವುದೇ ಇಲ್ಲ. ಡಿಪಿಎಫ್ ಲೈಟ್ ಪದೇ ಪದೇ ಬರುತ್ತಿದ್ದರೆ, ದುಬಾರಿ ಫಿಲ್ಟರ್ ಮೇಲೆ ಕೈ ಇಡುವ ಮುಂಚೆ ಥರ್ಮೋಸ್ಟಾಟ್ ಪರೀಕ್ಷೆ ಮಾಡಿಸಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕೆಲವು ಥರ್ಮೋಸ್ಟಾಟ್‌ಗಳಿಗೆ ಎರಡು ತಟ್ಟೆ ಇರುತ್ತವೆ. ಮೇಲಿನದು ರೇಡಿಯೇಟರ್ ದಾರಿ ತೆರೆದ ಹಾಗೆ, ಕೆಳಗಿನದು ಬೈಪಾಸ್ ದಾರಿಯನ್ನು ಮುಚ್ಚುತ್ತಾ ಬರುತ್ತದೆ. ಬೈಪಾಸ್ ಅಂದರೆ ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತುವ ದಾರಿ. ಇಂಥ ಗಾಡಿಯಲ್ಲಿ ನೀವು ಥರ್ಮೋಸ್ಟಾಟ್ ಕಿತ್ತು ಹಾಕಿದರೆ ಬೈಪಾಸ್ ಮುಚ್ಚುವವರೇ ಇರುವುದಿಲ್ಲ. ಬಿಸಿ ಕೂಲೆಂಟ್‌ನಲ್ಲಿ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ವಾಪಸ್ ಎಂಜಿನ್‌ಗೆ ಬರುತ್ತದೆ. ಹೀಟ್ ಆಗಬಾರದು ಅಂತ ತೆಗೆಸಿದಿರಿ, ತೆಗೆಸಿದ್ದರಿಂದಲೇ ದೇವರಾಯನದುರ್ಗದ ಏರಿನಲ್ಲಿ ಹೀಟ್ ಆಗುತ್ತದೆ.

ಸರಿ, ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ? ಇದು ಎರಡು ರೀತಿ ಕೆಡುತ್ತದೆ. ತೆರೆದೇ ಉಳಿಯುವುದು ಒಂದು, ಮುಚ್ಚಿಯೇ ಉಳಿಯುವುದು ಇನ್ನೊಂದು.

ತೆರೆದೇ ಉಳಿದಿದ್ದರೆ ಅದು ಹೈವೇಯಲ್ಲಿ ಗೊತ್ತಾಗುತ್ತದೆ. ತುಮಕೂರಿನ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗುವಾಗ ಎಂಜಿನ್ ಬಿಸಿ ತೋರಿಸುವ ಮೀಟರ್‌ನ ಮುಳ್ಳು ಮಧ್ಯಕ್ಕೆ ಬಂದಿರುತ್ತದೆ. ಊರು ದಾಟಿ ಶಿರಾ ಕಡೆ ಎಂಬತ್ತರಲ್ಲಿ ಹೊರಟರೆ, ಗಾಳಿ ಜೋರಾಗಿ ರೇಡಿಯೇಟರ್‌ಗೆ ಬಡಿದು ಮುಳ್ಳು ಕೆಳಗಿಳಿಯುತ್ತದೆ. ಸರಿ ಇರುವ ಗಾಡಿಯಲ್ಲಿ ಹೀಗೆ ಆಗಬಾರದು. ಗಾಳಿ ಜಾಸ್ತಿ ಬಂದರೆ ಥರ್ಮೋಸ್ಟಾಟ್ ಸ್ವಲ್ಪ ಮುಚ್ಚಿಕೊಂಡು ಬಿಸಿಯನ್ನು ಅಲ್ಲೇ ಹಿಡಿಯಬೇಕು. ಈಗಿನ ಸಣ್ಣ ಕಾರುಗಳಲ್ಲಿ ಬಹಳಷ್ಟಕ್ಕೆ ಮುಳ್ಳೇ ಇಲ್ಲ, ನೀಲಿ ಲೈಟ್, ಕೆಂಪು ಲೈಟ್ ಅಷ್ಟೇ. ಸ್ಟಾರ್ಟ್ ಮಾಡಿದಾಗ ಬರುವ ನೀಲಿ ಲೈಟ್ ಕೆಲವು ನಿಮಿಷದಲ್ಲಿ ಆರಬೇಕು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಟ ಗಾಡಿಯಲ್ಲಿ ದಾಬಸ್‌ಪೇಟೆ ಬಂದರೂ ಅದು ಆರಿಲ್ಲ ಅಂದರೆ, ಅಥವಾ ಆರಿದ್ದು ಹೈವೇಯಲ್ಲಿ ಮತ್ತೆ ಹತ್ತಿದರೆ, ಥರ್ಮೋಸ್ಟಾಟ್ ಮೇಲೆ ಅನುಮಾನ ಪಡಿ. ಸ್ಕ್ಯಾನರ್ ಹಾಕಿದಾಗ ಪಿ 0128 ಅಂತ ಕೋಡ್ ಬಂದರೂ ಅರ್ಥ ಅದೇ: ಕೂಲೆಂಟ್ ಬರಬೇಕಾದ ಬಿಸಿಗೆ ಬರುತ್ತಿಲ್ಲ.

ಮುಳ್ಳು ಇರುವ ಗಾಡಿಯವರಿಗೂ ಒಂದು ಎಚ್ಚರಿಕೆ. ಈಗಿನ ಮುಳ್ಳು ಪೂರ್ತಿ ನಿಜ ಹೇಳುವುದಿಲ್ಲ. ಚಾಲಕರು ಗಾಬರಿಯಾಗದಿರಲಿ ಅಂತ, ಎಷ್ಟೋ ಗಾಡಿಗಳಲ್ಲಿ ಸುಮಾರು ಎಪ್ಪತ್ತೈದರಿಂದ ನೂರು ದಾಟುವವರೆಗೂ ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಅದು ಮೇಲೆ ಏಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ನಿಜವಾದ ಡಿಗ್ರಿ ಬೇಕಾದರೆ ಗಾಡಿಯ ಕಂಪ್ಯೂಟರ್ ಓದಲು ಇರುವ ಒಬಿಡಿ ಪೋರ್ಟ್‌ಗೆ ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ತಗೊಳ್ಳಿ. ಫೋನ್‌ನಲ್ಲೇ ಕಾಣುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಬಿಸಿಯಾದ ಮೇಲೆ ಎಂಬತ್ತೈದರಿಂದ ನೂರರ ಆಸುಪಾಸಿನಲ್ಲಿ ಓಡಾಡುತ್ತಿರುತ್ತದೆ.

ಮುಚ್ಚಿಯೇ ಉಳಿದರೆ ಕಾಯುವಷ್ಟು ಸಮಯ ಇರುವುದಿಲ್ಲ. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಿಗೇ ಬಿಸಿ ಏರುತ್ತದೆ, ಏರುತ್ತಲೇ ಇರುತ್ತದೆ. ಬಾನೆಟ್ ಎತ್ತಿ ನೋಡಿದರೆ ಎಂಜಿನ್ ಕಾದಿದೆ, ರೇಡಿಯೇಟರ್‌ನ ಕೆಳಗಿನ ಹೋಸ್ ತಣ್ಣಗಿದೆ. ಆದರೆ ಹೋಸ್ ಮುಟ್ಟಿ ನೋಡುವಾಗ ಹುಷಾರು. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು. ಕೈ ಹಾಕುವ ಬದಲು, ಮುಟ್ಟದೆ ದೂರದಿಂದಲೇ ಬಿಸಿ ಓದುವ ಐಆರ್ ಗನ್ ಹಿಡಿದು ನೋಡುವುದು ವಾಸಿ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅದು ಇಲ್ಲಿ ಆಗುವುದಿಲ್ಲ. ಅದು ಮೈ ಜ್ವರದ ಮಟ್ಟಕ್ಕೆ ಮಾತ್ರ ಓದುತ್ತದೆ. ಯಂತ್ರಕ್ಕೆ ಹಿಡಿಯುವ ಗನ್ ಬೇರೆ ಸಿಗುತ್ತದೆ. ಇನ್ನೊಂದು, ಥರ್ಮೋಸ್ಟಾಟ್ ಎಲ್ಲಾ ಗಾಡಿಯಲ್ಲೂ ಮೇಲಿನ ಹೋಸ್ ಹತ್ತಿರ ಇರುವುದಿಲ್ಲ. ಕೆಲವದರಲ್ಲಿ ಕೆಳಗಿನ ಹೋಸ್ ವಾಟರ್ ಪಂಪ್ ಸೇರುವ ಜಾಗದಲ್ಲಿರುತ್ತದೆ. ಅಲ್ಲಿ ಮೇಲಿನ ಹೋಸ್ ಬಿಸಿಯಾಗಿದೆ ಅಂತ ಥರ್ಮೋಸ್ಟಾಟ್ ತೆರೆದಿದೆ ಅನ್ನುವ ಹಾಗಿಲ್ಲ. ಕೆಳಗಿನದನ್ನೇ ನೋಡಬೇಕು.

ಹೀಟ್ ಆದ ಗಾಡಿಯೆಲ್ಲ ಥರ್ಮೋಸ್ಟಾಟ್‌ನಿಂದಲೇ ಹೀಟ್ ಆಗುವುದಲ್ಲ, ಅದೂ ತಿಳಿದಿರಲಿ. ನಿಂತಾಗ ಮಾತ್ರ ಹೀಟ್, ಓಡುವಾಗ ಸರಿ ಅಂದರೆ ಫ್ಯಾನ್ ನೋಡಿ. ಭಾನುವಾರ ನಂದಿ ಬೆಟ್ಟಕ್ಕೆ ಹೋಗುವವರು ಇದನ್ನು ಚೆನ್ನಾಗಿ ಬಲ್ಲರು. ಏರು, ಮೊದಲನೇ ಗೇರು, ಮುಂದೆ ಗಾಡಿಗಳ ಸಾಲು, ಗಾಳಿ ಇಲ್ಲ. ಅಲ್ಲಿ ಫ್ಯಾನ್ ಒಂದೇ ಗತಿ. ಅಂಥ ಜಾಗದಲ್ಲಿ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ. ಒಳಗೆ ಸೆಕೆ ತಡೆಯಲು ಆಗುವುದಿಲ್ಲ, ಕಿಟಕಿ ಇಳಿಸಿಕೊಳ್ಳಿ. ಆದರೆ ಹೀಟರ್ ಒಂದು ಸಣ್ಣ ರೇಡಿಯೇಟರೇ, ಎಂಜಿನ್‌ನಿಂದ ಒಂದಷ್ಟು ಶಾಖ ಎಳೆಯುತ್ತದೆ. ಅದಕ್ಕೂ ಬಗ್ಗದೆ ಕೆಂಪಿಗೆ ಹೋದರೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ರೇಡಿಯೇಟರ್ ಕ್ಯಾಪ್ ಮಾತ್ರ ತೆಗೆಯಬೇಡಿ. ಒಳಗಿನ ನೀರು ಒತ್ತಡದಲ್ಲಿ ಇರುವುದರಿಂದ ನೂರು ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನೆ ಇರುತ್ತದೆ. ಕ್ಯಾಪ್ ಬಿಚ್ಚಿದ ಕ್ಷಣ ಒತ್ತಡ ಹೋಗಿ ಒಟ್ಟಿಗೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಪೂರ್ತಿ ತಣಿಯುವವರೆಗೆ ಕಾಯಿರಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ. ಅಲ್ಯೂಮಿನಿಯಂ ಹೆಡ್ ಬಾಗಿದರೆ ಲೇತ್‌ಗೆ ಕಳಿಸಿ ಫೇಸಿಂಗ್ ಮಾಡಿಸಬೇಕು, ಅಂದರೆ ಅದರ ಮುಖ ಸಮ ಮಾಡಿಸಬೇಕು. ಕೆಲವು ನೂರು ರೂಪಾಯಿಯ ವಾಲ್ವ್ ವಿಷಯ ಹತ್ತಾರು ಸಾವಿರಕ್ಕೆ ಹೋಗಿ ನಿಲ್ಲುವುದು ಇಲ್ಲಿಯೇ.

ಈಗ ಹೊರಗೆ ತೆಗೆದ ಥರ್ಮೋಸ್ಟಾಟ್ ಪರೀಕ್ಷೆ. ಇದನ್ನು ಮನೆಯಲ್ಲೇ ಮಾಡಬಹುದು, ಹೊಸದನ್ನು ಹಾಕುವ ಮುಂಚೆಯೂ ಮಾಡಬೇಕು. ಅಡುಗೆಗೆ ಮತ್ತೆ ಬಳಸದ ಹಳೆಯ ಪಾತ್ರೆ ತಗೊಳ್ಳಿ. ಥರ್ಮೋಸ್ಟಾಟ್ ತಟ್ಟೆಯನ್ನು ಒತ್ತಿ ಸ್ವಲ್ಪ ತೆರೆದು, ಸಂದಿಗೆ ಗಟ್ಟಿ ದಾರ ಸಿಕ್ಕಿಸಿ ಬಿಡಿ. ತಟ್ಟೆ ದಾರವನ್ನು ಕಚ್ಚಿಕೊಳ್ಳುತ್ತದೆ. ಆ ದಾರದಿಂದಲೇ ನೀರಿನಲ್ಲಿ ಇಳಿಬಿಡಿ, ತಳ ಮುಟ್ಟಬಾರದು. ಪಕ್ಕದಲ್ಲಿ ನೂರು ಡಿಗ್ರಿ ದಾಟಿ ಓದುವ ಥರ್ಮಾಮೀಟರ್. ಒಲೆ ಸಣ್ಣಗೆ ಇಟ್ಟು, ನೀರು ಆಗಾಗ ಕಲಕುತ್ತಾ ಬಿಸಿ ಮಾಡಿ. ತೆರೆಯಲು ಶುರುವಾದ ಕೂಡಲೇ ದಾರದ ಹಿಡಿತ ಬಿಟ್ಟು ಥರ್ಮೋಸ್ಟಾಟ್ ಕೆಳಗೆ ಬೀಳುತ್ತದೆ. ಆ ಕ್ಷಣದ ಡಿಗ್ರಿ ಬರೆದುಕೊಳ್ಳಿ. 82 ಅಂತ ಒತ್ತಿರುವ ವಾಲ್ವ್ 82ರ ಆಸುಪಾಸಿನಲ್ಲಿ, ಒಂದೆರಡು ಡಿಗ್ರಿ ಆಚೆ ಈಚೆ, ಬೀಳಬೇಕು. ಪೂರ್ತಿ ತೆರೆಯಲು ಇನ್ನೂ ಹತ್ತು ಹದಿಮೂರು ಡಿಗ್ರಿ ಬೇಕು. ಆಗ ತಟ್ಟೆ ಎಂಟು ಮಿಲಿಮೀಟರ್‌ನಷ್ಟು ಎದ್ದಿರುತ್ತದೆ. ಹೊರಗೆ ತೆಗೆದು ತಣಿಸಿ, ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ ಅದು ಪೂರ್ತಿ ಮುಚ್ಚುತ್ತಿಲ್ಲ.

ಇಲ್ಲಿ ನಮ್ಮ ಊರಿಗೇ ಸೇರಿದ ಒಂದು ವಿಷಯ ಇದೆ. ನೀರು ನೂರು ಡಿಗ್ರಿಗೆ ಕುದಿಯುತ್ತದೆ ಅಂತ ಶಾಲೆಯಲ್ಲಿ ಓದಿದ್ದೀವಿ. ಅದು ಸಮುದ್ರದ ಮಟ್ಟದಲ್ಲಿ, ಮಂಗಳೂರಿನಲ್ಲಿ. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97ಕ್ಕೇ ಕುದಿಯುತ್ತದೆ. ಎಷ್ಟು ಹೊತ್ತು ಒಲೆ ಉರಿಸಿದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ. 1,478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲಾದರೆ 95ರ ಸುತ್ತಮುತ್ತ. ಹೀಗಿರುವಾಗ 88ರ ವಾಲ್ವ್ ಅನ್ನು ನಮ್ಮ ಪಾತ್ರೆಯಲ್ಲಿ ಹಾಕಿದರೆ ಅದು ತೆರೆಯುತ್ತದೆ, ಆದರೆ ಪೂರ್ತಿ ತೆರೆಯದೇ ಇರಬಹುದು. 92ರದ್ದಾದರೆ ಸ್ವಲ್ಪ ಅಲುಗುತ್ತದೆ ಅಷ್ಟೇ. "ಕುದಿಯೋ ನೀರಲ್ಲಿ ಹಾಕಿದ್ರೂ ಪೂರ್ತಿ ಓಪನ್ ಆಗ್ಲಿಲ್ಲ, ಇದು ಹೋಗಿದೆ" ಅಂತ ಒಳ್ಳೆಯ ವಾಲ್ವ್ ಎಸೆಯುತ್ತಾರೆ. ಅದರ ತಪ್ಪಲ್ಲ. ಗಾಡಿಯಲ್ಲಿ ಪ್ರೆಶರ್ ಕ್ಯಾಪ್ ಇದೆ, ಕೂಲೆಂಟ್ ಇದೆ, ಅಲ್ಲಿ ನೂರು ದಾಟಿದರೂ ಕುದಿಯುವುದಿಲ್ಲ. ಪಾತ್ರೆಯಲ್ಲಿ ಆ ಅನುಕೂಲ ಇಲ್ಲ. ಹಾಗಾಗಿ ಥರ್ಮಾಮೀಟರ್ ಇಲ್ಲದೆ, ಒತ್ತಿರುವ ಅಂಕಿ ನೋಡದೆ ಈ ಪರೀಕ್ಷೆ ಮಾಡಬೇಡಿ.

ಅಂಕಿಯ ಮಾತು ಬಂತು, ಹೊಸದನ್ನು ಆರಿಸುವ ಬಗ್ಗೆ ಹೇಳುತ್ತೇನೆ. ಡಬ್ಬಿಯ ಮೇಲೋ ಅಂಚಿನ ಮೇಲೋ 76, 82, 88 ಅಂತ ಒತ್ತಿರುತ್ತಾರೆ. ಸಾಮಾನ್ಯವಾಗಿ ಅದು ತೆರೆಯಲು ಶುರುವಾಗುವ ಡಿಗ್ರಿ. "88 ಯಾಕೆ, 76 ಹಾಕಿ, ತಂಪಾಗಿರಲಿ" ಅಂತ ಹೇಳುವವರು ಬಹಳ. ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಗಾಡಿ ನೂರಹತ್ತಕ್ಕೆ ಏರುತ್ತಿದೆ ಅಂದುಕೊಳ್ಳಿ. ಆ ಹೊತ್ತಿಗೆ 76ರದ್ದೂ ಪೂರ್ತಿ ತೆರೆದಿರುತ್ತದೆ, 88ರದ್ದೂ ಪೂರ್ತಿ ತೆರೆದಿರುತ್ತದೆ. ಎರಡಕ್ಕೂ ವ್ಯತ್ಯಾಸವೇ ಇಲ್ಲ. ಅಲ್ಲಿಂದ ಮುಂದೆ ತಂಪು ಮಾಡಬೇಕಾದದ್ದು ರೇಡಿಯೇಟರ್, ಫ್ಯಾನ್ ಮತ್ತು ವಾಟರ್ ಪಂಪ್. ಕಡಿಮೆ ಅಂಕಿಯ ವಾಲ್ವ್ ಗಾಡಿಯ ಕನಿಷ್ಠ ಬಿಸಿಯನ್ನು ಇಳಿಸುತ್ತದೆ, ಗರಿಷ್ಠವನ್ನು ಇಳಿಸುವ ಶಕ್ತಿ ಅದಕ್ಕಿಲ್ಲ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ರೇಡಿಯೇಟರ್ ಮಾಡಿಸಿ. ವಾಲ್ವ್ ಬದಲಿಸಿ ಅದನ್ನು ಮರೆಮಾಚಲು ಆಗುವುದಿಲ್ಲ. ನಿಮ್ಮ ಗಾಡಿಗೆ ಕಂಪನಿ ಯಾವ ಅಂಕಿ ಕೊಟ್ಟಿದೆಯೋ ಅದನ್ನೇ ಹಾಕಿ. ಬೇಸಿಗೆಗೊಂದು, ಚಳಿಗೊಂದು ಅಂತಲೂ ಬೇಡ.

ಅಂಗಡಿಗೆ ಹೋಗುವಾಗ ಗಾಡಿಯ ಮಾಡೆಲ್ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಕಾರಿಗೆ ಪೆಟ್ರೋಲ್, ಡೀಸೆಲ್, ಹಳೆ ಎಂಜಿನ್, ಹೊಸ ಎಂಜಿನ್ ಅಂತ ಬೇರೆ ಬೇರೆ ವಾಲ್ವ್ ಇರುತ್ತದೆ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಫೋಟೋ ಇರಲಿ, ಹಳೆಯ ವಾಲ್ವ್ ಕೈಯಲ್ಲೇ ಇರಲಿ. ಪಕ್ಕಪಕ್ಕ ಇಟ್ಟು ನೋಡಿ. ಅಂಚಿನ ಅಗಲ, ಎತ್ತರ, ಅಂಕಿ, ಎರಡನೇ ತಟ್ಟೆ ಇದೆಯೋ ಇಲ್ಲವೋ, ಎಲ್ಲ ಒಂದೇ ಆಗಿರಬೇಕು. ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ನು ಇರುತ್ತದೆ, ಅದು ಹಳೆಯದರಲ್ಲಿ ಇದ್ದರೆ ಹೊಸದರಲ್ಲೂ ಇರಬೇಕು. ಡೂಪ್ಲಿಕೇಟ್‌ಗಳಲ್ಲಿ ಅಂಕಿ ಸರಿಯಾಗಿ ಒತ್ತಿರುವುದಿಲ್ಲ, ರಬ್ಬರ್ ರಿಂಗ್ ಸಡಿಲ ಇರುತ್ತದೆ. ಅದರ ಜೊತೆ ಹೊಸ ಗ್ಯಾಸ್ಕೆಟ್ ಅಥವಾ ರಬ್ಬರ್ ರಿಂಗ್ ತಗೊಳ್ಳುವುದು ಮರೆಯಬೇಡಿ. ಹಳೆಯ ರಿಂಗ್ ಒತ್ತಿ ಒತ್ತಿ ಚಪ್ಪಟೆಯಾಗಿರುತ್ತದೆ.

ಹೊಸ ಗಾಡಿಗಳಲ್ಲಿ ವಾಲ್ವ್ ಬೇರೆಯಾಗಿ ಸಿಗುವುದು ಕಡಿಮೆಯಾಗುತ್ತಿದೆ. ಪ್ಲಾಸ್ಟಿಕ್ ಹೌಸಿಂಗ್ ಸಮೇತ ಒಂದೇ ಪೀಸ್. ಇನ್ನು ಕೆಲವದರಲ್ಲಿ ವೈರ್ ಸಿಕ್ಕಿಸುವ ಕನೆಕ್ಟರ್ ಕೂಡ ಇರುತ್ತದೆ. ಮೇಣದೊಳಗೆ ಸಣ್ಣ ಹೀಟರ್ ಇಟ್ಟಿರುತ್ತಾರೆ. ಮೇಣ ತಾನಾಗಿ ಕರಗುವುದು ನೂರರ ಮೇಲೆ. ಆರಾಮಾಗಿ ಓಡುವಾಗ ಎಂಜಿನ್ ಹೆಚ್ಚು ಬಿಸಿಯಲ್ಲಿ ಓಡಲಿ, ಇಂಧನ ಉಳಿಯಲಿ ಅಂತ ಹಾಗೆ. ಏರು ಬಂದಾಗ ಇಸಿಯು ಆ ಹೀಟರ್‌ಗೆ ಕರೆಂಟ್ ಕೊಟ್ಟು ವಾಲ್ವ್ ಅನ್ನು ಮುಂಚೆಯೇ ತೆರೆಸುತ್ತದೆ. ಇಂಥದ್ದನ್ನು ಪಾತ್ರೆಯಲ್ಲಿ ಕುದಿಸಿ ನೋಡುವುದರಲ್ಲಿ ಅರ್ಥವಿಲ್ಲ, ನಮ್ಮ 97 ಡಿಗ್ರಿಗೆ ಅದು ಜಗ್ಗುವುದಿಲ್ಲ. ಸ್ಕ್ಯಾನರ್ ಇರುವ ಕಡೆ ತೋರಿಸಿ.

ಹಾಕುವ ಕೆಲಸಕ್ಕೆ ಬರೋಣ. ಗಾಡಿ ರಾತ್ರಿಯಿಡೀ ತಣಿದಿರಲಿ. ಕೂಲೆಂಟ್ ಒಂದಷ್ಟು ಹೊರಗೆ ಇಳಿಸಬೇಕು. ಅಗಲವಾದ ತಟ್ಟೆ ಅಥವಾ ಡಬ್ಬಿ ಇಟ್ಟು ಹಿಡಿಯಿರಿ, ಚರಂಡಿಗೆ ಬಿಡಬೇಡಿ. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಮಾತ್ರ ಸಿಹಿ. ನಾಯಿ ನೆಕ್ಕಿದರೆ ಸಾಯುತ್ತದೆ, ಮಕ್ಕಳಿಗೂ ಅಪಾಯ. ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಅಂಗಳದಲ್ಲಿ ಬಿದ್ದರೆ ಚೆನ್ನಾಗಿ ನೀರು ಹಾಕಿ ತೊಳೆಯಿರಿ.

ಹೌಸಿಂಗ್‌ಗೆ ಎರಡು ಮೂರು ಬೋಲ್ಟ್ ಇರುತ್ತವೆ, ಬಹುಪಾಲು 10 ನಂಬರ್ ಸ್ಪ್ಯಾನರ್. ಬಿಚ್ಚಿದ ಕೂಡಲೇ ಹಳೆಯ ವಾಲ್ವ್ ಯಾವ ದಿಕ್ಕಿಗಿದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಮೇಣದ ಡಬ್ಬಿ ಎಂಜಿನ್ ಕಡೆ, ಬಿಸಿ ನೀರಿನ ಕಡೆ ಇರಬೇಕು. ಉಲ್ಟಾ ಹಾಕಿದರೆ ಮೇಣಕ್ಕೆ ಬಿಸಿ ತಟ್ಟುವುದೇ ತಡವಾಗಿ ಎಂಜಿನ್ ಕಾದುಹೋಗುತ್ತದೆ. ಆಮೇಲೆ ಆ ಅಲುಗಾಡುವ ಪಿನ್ನು. ಅದು ಮೇಲ್ಭಾಗಕ್ಕೆ, ಗಡಿಯಾರದ ಹನ್ನೆರಡರ ಜಾಗಕ್ಕೆ ಬರಬೇಕು. ಹೌಸಿಂಗ್‌ನಲ್ಲಿ ಬೇರೆ ಗುರುತು ಇದ್ದರೆ ಅದಕ್ಕೆ ಸರಿಯಾಗಿ ಕೂರಿಸಿ. ಯಾಕೆ ಅಂದರೆ, ಕೂಲೆಂಟ್ ತುಂಬುವಾಗ ಮುಚ್ಚಿದ ವಾಲ್ವ್ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಯಾವಾಗಲೂ ಮೇಲೆ ಸೇರುತ್ತದಲ್ವಾ, ಆ ಪಿನ್ನಿನ ತೂತಿನಿಂದ ಹೊರಗೆ ಹೋಗುತ್ತದೆ. ಎಂಜಿನ್ ಓಡಿದಾಗ ನೀರಿನ ಒತ್ತಡಕ್ಕೆ ಪಿನ್ನೇ ತೂತನ್ನು ಮುಚ್ಚಿಕೊಳ್ಳುತ್ತದೆ. ಪಿನ್ನು ಕೆಳಗೆ ಹೋದರೆ ಗಾಳಿ ಅಲ್ಲೇ ಉಳಿದು, ಮೇಣದ ಡಬ್ಬಿಗೆ ನೀರು ತಾಗದೆ, ಹೊಸ ವಾಲ್ವ್ ತೆರೆಯುವುದೇ ತಡವಾಗುತ್ತದೆ. ಹೊಸದು ಹಾಕಿದ ಮೇಲೂ ಹೀಟ್ ಆಗುತ್ತಿದೆ ಅಂತ ಬರುವ ಗಾಡಿಗಳಲ್ಲಿ ಈ ಗಾಳಿಯ ತೊಂದರೆ ಜಾಸ್ತಿ.

ಕೂರುವ ಜಾಗವನ್ನು ಚೆನ್ನಾಗಿ ಒರೆಸಿ. ಹಳೆಯ ಪೇಪರ್ ಗ್ಯಾಸ್ಕೆಟ್ ಅಂಟಿದ್ದರೆ ಮೆಲ್ಲಗೆ ಕೆರೆದು ತೆಗೆಯಿರಿ, ಅಲ್ಯೂಮಿನಿಯಂ ಮೇಲೆ ಗೀರು ಬೀಳಬಾರದು. ರಬ್ಬರ್ ರಿಂಗ್ ಇರುವ ಕಡೆ ಸಿಲಿಕಾನ್ ಪೇಸ್ಟ್ ಬಳಿಯುವುದು ಬೇಡ. ಸೋರದಿರಲಿ ಅಂತ ಧಾರಾಳವಾಗಿ ಹಚ್ಚುತ್ತಾರೆ, ಹೆಚ್ಚಾದದ್ದು ಒಳಗೆ ಕಿತ್ತು ಹೋಗಿ ರೇಡಿಯೇಟರ್ ಟ್ಯೂಬ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ. ಉದ್ದ ಹಿಡಿಯ ಸ್ಪ್ಯಾನರ್ ಹಿಡಿದು ಬಲ ತೋರಿಸುವ ಜಾಗ ಅಲ್ಲ ಅದು. ಬೋಲ್ಟ್ ಕೂರುವ ಎಂಜಿನ್ ಕಡೆಯ ಮರೆ (ಥ್ರೆಡ್) ಅಲ್ಯೂಮಿನಿಯಂನದು, ತಿಂದುಹೋಗುತ್ತದೆ. ಹೌಸಿಂಗ್ ಪ್ಲಾಸ್ಟಿಕ್ ಆಗಿದ್ದರೆ ಸೀಳುತ್ತದೆ.

ತುಂಬುವುದಕ್ಕೆ ಬೋರ್‌ವೆಲ್ ನೀರು ಬೇಡ. ಇದನ್ನು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರಿಗೆ ಎಷ್ಟು ಹೇಳಿದರೂ ಕಡಿಮೆಯೇ. ನಮ್ಮ ನೀರು ಬರುವುದು ನೂರಾರು ಅಡಿ ಆಳದ ಬಂಡೆಯ ಸಂದಿಯಿಂದ. ಪಾವಗಡದ ಕಡೆ ಫ್ಲೋರೈಡ್ ಅಂತ ಎಲ್ಲರಿಗೂ ಗೊತ್ತು, ಅದು ಹಲ್ಲಿಗೆ ಮೂಳೆಗೆ ಕೇಡು. ಎಂಜಿನ್‌ಗೆ ಕೇಡು ಮಾಡುವುದು ಅದರ ಜೊತೆಗಿರುವ ಸುಣ್ಣ ಮತ್ತು ಉಪ್ಪು. ಮನೆಯ ಗೀಸರ್ ಕಾಯಿಲ್ ಬಿಚ್ಚಿದಾಗ ಬಿಳಿ ಪೊರೆ ಕಟ್ಟಿರುತ್ತದಲ್ಲ, ಅದೇ ಸುಣ್ಣ ಎಂಜಿನ್ ಒಳಗೂ ಹೆಚ್ಚು ಬಿಸಿಯಿರುವ ಜಾಗದಲ್ಲಿ ಕಟ್ಟುತ್ತದೆ. ಥರ್ಮೋಸ್ಟಾಟ್‌ನಲ್ಲಿ ಮೇಣ ತಳ್ಳುವ ಪಿನ್ನಿನ ಸುತ್ತ ಕೂತರೆ ಪಿನ್ನು ಜಾರುವುದಿಲ್ಲ. ರೇಡಿಯೇಟರ್‌ನ ಸಣ್ಣ ಟ್ಯೂಬ್‌ಗಳಲ್ಲಿ ಕೂತರೆ ನೀರು ಹರಿಯುವುದಿಲ್ಲ. ಉಪ್ಪಿನ ಅಂಶ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಫಿಲ್ಟರ್ ನೀರು ಬೋರ್‌ಗಿಂತ ವಾಸಿ, ಆದರೆ ಅದರಲ್ಲೂ ಸ್ವಲ್ಪ ಉಪ್ಪು ಉಳಿದಿರುತ್ತದೆ. ರೆಡಿ ಮಿಕ್ಸ್ ಕೂಲೆಂಟ್ ಆದರೆ ನೇರ ಹಾಕಿ. ನೀರು ಬೆರೆಸದ ಗಟ್ಟಿ ಕೂಲೆಂಟ್ ಆದರೆ ಡಿಸ್ಟಿಲ್ಡ್ ವಾಟರ್ ಜೊತೆ, ಡಬ್ಬಿಯಲ್ಲಿ ಹೇಳಿರುವ ಅಳತೆಗೆ ಬೆರೆಸಿ, ಸಾಮಾನ್ಯವಾಗಿ ಅರ್ಧಕ್ಕರ್ಧ. ಬಣ್ಣ ನೋಡಿ ಬೆರೆಸಬೇಡಿ. ಹಸಿರು, ಕೆಂಪು, ನೀಲಿ ಅನ್ನುವುದು ಕಂಪನಿಗೊಂದು ಥರ, ಒಳಗಿನ ಕೆಮಿಕಲ್ ಬೇರೆ ಇರಬಹುದು. ಗಾಡಿಯ ಪುಸ್ತಕದಲ್ಲಿ ಯಾವ ಬಗೆ ಅಂತ ಬರೆದಿರುತ್ತದೆ.

ತುಂಬುವಾಗ ನಿಧಾನ. ಹೀಟರ್ ನಾಬ್ ಬಿಸಿ ಕಡೆ ತಿರುಗಿಸಿಡಿ. ಒಳಗಿನ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲೆಂಟ್ ಬರುವವರೆಗೆ ತುಂಬಿ ಮುಚ್ಚಿ. ಮುಂಭಾಗ ಸ್ವಲ್ಪ ಎತ್ತರ ಇರುವ ಹಾಗೆ ಗಾಡಿ ನಿಲ್ಲಿಸಿದರೆ ಗಾಳಿ ಬೇಗ ಹೋಗುತ್ತದೆ. ಸ್ಟಾರ್ಟ್ ಮಾಡಿ, ಕೆಳಗಿನ ಹೋಸ್ ಬಿಸಿಯಾಗಿ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಐಡಲ್‌ನಲ್ಲಿ ಬಿಡಿ. ಈ ಹೊತ್ತಿನಲ್ಲಿ ಮುಳ್ಳೋ ಸ್ಕ್ಯಾನರೋ, ಅದರ ಮೇಲೆ ಕಣ್ಣಿರಲಿ. ಒಳಗೆ ಹೀಟರ್‌ನಿಂದ ಬಿಸಿ ಗಾಳಿ ಬರಬೇಕು. ಎಂಜಿನ್ ಕಾದಿದ್ದರೂ ತಣ್ಣನೆಯ ಗಾಳಿ ಬರುತ್ತಿದ್ದರೆ ಎಲ್ಲೋ ಗಾಳಿ ಸಿಕ್ಕಿದೆ ಅಂತ ಅರ್ಥ.

ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು ಅಂತ ಹಿಂದಿನ ಸಾಲಿನಿಂದ ಕೇಳಿದರು. ಎಲ್ಲಾ ಗಾಡಿಗೂ ಹೊಂದುವ ಒಂದು ಅಂಕಿ ಇಲ್ಲ. ಕೂಲೆಂಟ್ ಕಾಲಕಾಲಕ್ಕೆ ಬದಲಿಸಿದ ಗಾಡಿಯಲ್ಲಿ ಬಹಳ ವರ್ಷ ಬಾಳುತ್ತದೆ, ಬೋರ್ ನೀರು ಕುಡಿದ ಗಾಡಿಯಲ್ಲಿ ಬೇಗ ಹೋಗುತ್ತದೆ. ನಾನು ಹೇಳುವುದು ಇಷ್ಟು. ವಾಟರ್ ಪಂಪ್ ಅಥವಾ ಟೈಮಿಂಗ್ ಬೆಲ್ಟ್ ಕೆಲಸಕ್ಕೆ ಹೇಗೂ ಕೂಲೆಂಟ್ ಇಳಿಸುತ್ತೀರಿ, ಹಳೆಯ ಗಾಡಿಯಾದರೆ ಅದೇ ಸಲ ಥರ್ಮೋಸ್ಟಾಟ್ ಕೂಡ ಹೊಸದು ಹಾಕಿಸಿ. ಮಜೂರಿ ಒಂದೇ ಸಲ ಆಗುತ್ತದೆ. ಒಮ್ಮೆ ಕೆಂಪಿಗೆ ಹೋಗಿ ಚೆನ್ನಾಗಿ ಕಾದ ಗಾಡಿಯಲ್ಲಿ ಮಾತ್ರ ಹಳೆಯದನ್ನು ನಂಬಬೇಡಿ. ಮಿತಿ ಮೀರಿದ ಬಿಸಿಗೆ ಒಳಗಿನ ರಬ್ಬರ್ ತೋಳು ಹಾಳಾಗಿ ಮೇಣ ಸೋರಬಹುದು. ಪಾತ್ರೆಯಲ್ಲಿ ಪರೀಕ್ಷೆಗೆ ಪಾಸಾದರೂ ಅಂಥದ್ದನ್ನು ವಾಪಸ್ ಹಾಕಬೇಡಿ. ಹೊಸದು ಹಾಕಿದ ಮರುದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ರಿಸರ್ವ್ ಬಾಟಲಿ ನೋಡಿ. ಒಳಗೆ ಉಳಿದಿದ್ದ ಗಾಳಿ ಹೊರಬಂದು ಮಟ್ಟ ಇಳಿದಿರುತ್ತದೆ. ಎರಡು ಗೆರೆಗಳ ನಡುವೆ ಬರುವಷ್ಟು ಅದೇ ಕೂಲೆಂಟ್ ಹಾಕಿ, ಒಂದು ವಾರ ಬಿಟ್ಟು ಇನ್ನೊಮ್ಮೆ ನೋಡಿ. ಆಗಲೂ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಮೊದಲು ಹೌಸಿಂಗ್‌ನ ಬುಡ, ಆಮೇಲೆ ಹೋಸ್ ಕ್ಲಿಪ್, ಕೊನೆಗೆ ವಾಟರ್ ಪಂಪ್ ನೋಡಿಸಿ.